ಹೆಸರು ಹೇಳದೆ ಹೋದ ಅಕ್ಕನಿಗೆ

ಅಕ್ಕಾ, ಮೊನ್ನೆ ನಮ್ಮ ಪುಟಾಣಿಗಳಿಗೆ ಪಂಚೇಂದ್ರಿಯಗಳ ಪಾಠ ಮಾಡಿಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್. ಚಾರ್ಟ್ ಪಕ್ಕಕ್ಕಿಟ್ಟು ಬಟ್ಟೆ ಚೀಲ ತೆಗೆದಿರಲ್ಲ, ಅಲ್ಲೇ ಮಕ್ಕಳು ಬಿದ್ದುಹೋದರು! ನೋಡದೆ ಕೈ ಹಾಕಿ ಒಳಗೇನಿದೆ ಅಂತ ಹೇಳಬೇಕು. "ತಣ್ಣಗಿದೆ... ಹಲ್ಲುಗಳಿವೆ... ಬೀಗದ ಕೈ!" ಅಂತ ಒಬ್ಬಳು ಕೂಗಿದಳು.

ನನಗೆ ಜಾಸ್ತಿ ಹಿಡಿಸಿದ್ದು ಪೆನ್ಸಿಲ್ ಆಟ. ಎರಡು ಮೊಂಡು ಮೊನೆಗಳನ್ನು ಸುಮಾರು 1 ಸೆಂ.ಮೀ. ಅಂತರದಲ್ಲಿ ಹಿಡಿದು ಮೆತ್ತಗೆ ಮುಟ್ಟಿಸಿದಿರಿ. ಬೆರಳ ತುದಿಗೆ ಎರಡೂ ಗೊತ್ತಾದವು, ಮುಂದೋಳಿಗೆ ಒಂದೇ ಅನ್ನಿಸಿತು. ಬೆರಳ ತುದಿಯಲ್ಲಿ ಸ್ಪರ್ಶ ತಿಳಿಸುವ ನರತುದಿಗಳು ದಟ್ಟವಾಗಿವೆ, ಅದಕ್ಕೇ ಅಲ್ವಾ? ಮೂಗು, ಕಿವಿಯ ಆಟಗಳೂ ಚೆನ್ನಾಗಿದ್ದವು.

ಅಂದಹಾಗೆ, ಚೀಲ ಇಲ್ಲೇ ಬಿಟ್ಟು ಹೋಗಿದ್ದೀರಿ. ಬಂದು ಕೇಳಿ ನೋಡಿ, ಮಕ್ಕಳು ಕೊಡೋದು ಡೌಟು!