ನೀನು ಬಿಟ್ಟ ಆ ಪುಟ

ಪ್ರೀತಿಯ ಹುಡುಗಿ,

ಅಮೆರಿಕದ ಬೀದಿ ಕಲಾವಿದ ಶೆಪರ್ಡ್ ಫೇರಿ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ಸಿಟ್ಟು ಬಂತು.

‘ನನಗೆ ಬರೆಯೋಕೆ ಬರಲ್ಲ ಅನ್ನಿಸುತ್ತಿದೆ’ ಅಂತ ಪತ್ರದ ಕೊನೆಗೆ ಹಾಕಿದ್ದೀಯ. ಆ ಮಾತು ನಾನು ಒಪ್ಪೋದಿಲ್ಲ. 1989ರಲ್ಲಿ ಪ್ರಾವಿಡೆನ್ಸ್‌ನ ಆರ್ಟ್ ವಿದ್ಯಾರ್ಥಿಯಾಗಿದ್ದ ಫೇರಿ ಗೆಳೆಯನಿಗೆ ಸ್ಟೆನ್ಸಿಲ್ (ಬಣ್ಣ ಹಚ್ಚುವ ಕತ್ತರಿಸಿದ ಅಚ್ಚು) ಕತ್ತರಿಸೋದು ಹೇಳಿಕೊಡಲು ಪೇಪರಿನಲ್ಲಿದ್ದ ಕುಸ್ತಿಪಟು ಆಂದ್ರೆ ದ ಜೈಂಟ್‌ನ ಚಿತ್ರ ತೆಗೆದುಕೊಂಡ ಪ್ರಸಂಗ ಕಣ್ಣಿಗೆ ಕಟ್ಟುವ ಹಾಗಿದೆ. ಆ ಚಿತ್ರದಿಂದ ಮಾಡಿದ ಸ್ಟಿಕ್ಕರಿನಲ್ಲಿ ಕುಸ್ತಿಪಟುವಿನ ಎತ್ತರ, ತೂಕ 7 ಅಡಿ 4 ಇಂಚು, 520 ಪೌಂಡ್ ಅಂತ ಇದ್ದದ್ದನ್ನೂ ನೀನು ಬಿಟ್ಟಿಲ್ಲ. ಇಷ್ಟು ಚಿಕ್ಕದನ್ನು ನೋಡುವ ಕಣ್ಣು ಎಲ್ಲರಿಗೂ ಇರೋದಿಲ್ಲ.

ಶೀರ್ಷಿಕೆ ಹೇಗಿರಬೇಕು, ಪ್ಯಾರಾ ಎಲ್ಲಿ ಮುರಿಯಬೇಕು ಅಂತೆಲ್ಲ ಕೇಳಿದ್ದೀಯ. ಅದು ಬರೆಯುತ್ತಾ ಬರೆಯುತ್ತಾ ತಾನಾಗಿ ಬರುತ್ತದೆ, ಬಿಡು.

ನನ್ನ ಸಿಟ್ಟು ಬೇರೆ. 2009ರಲ್ಲಿ ಬಾಸ್ಟನ್‌ನಲ್ಲಿ ತನ್ನದೇ ಪ್ರದರ್ಶನದ ಆರಂಭಕ್ಕೆ ಹೊರಟಿದ್ದವನನ್ನು ಪೊಲೀಸರು ಹಿಡಿದ ಕತೆಗೆ ಎರಡು ಪುಟ ಕೊಟ್ಟಿದ್ದೀಯ. ಗೋಡೆಗೆ ಪೋಸ್ಟರ್ ಅಂಟಿಸುವವನಿಗೆ ಅಂಥ ಬಂಧನ ಹೆಮ್ಮೆಯೇ. ಅವನು ಮಾಡಿದ ಒಬಾಮಾ ಅವರ ‘ಹೋಪ್’ ಪೋಸ್ಟರ್ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಸೇರಿದ್ದಕ್ಕೆ ಇನ್ನೊಂದು ಪುಟ. ಆದರೆ ಆ ಪೋಸ್ಟರಿನ ಮೂಲ ಫೋಟೋ ಬಗ್ಗೆ ಒಂದು ಸಾಲೂ ಇಲ್ಲ. ಯಾಕೆ?

ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ಗಾಗಿ ಮ್ಯಾನಿ ಗಾರ್ಸಿಯಾ 2006ರಲ್ಲಿ ತೆಗೆದ ಫೋಟೋ ಅದು. ಫೋಟೋದ ಹಕ್ಕಿನ ಜಗಳ ಕೋರ್ಟಿಗೆ ಹೋದಾಗ, ತಾನು ಬಳಸಿದ್ದು ಬೇರೆ ಫೋಟೋ, ಒಬಾಮಾ ನಟ ಜಾರ್ಜ್ ಕ್ಲೂನಿ ಪಕ್ಕದಲ್ಲಿರೋದು ಅಂತ ಫೇರಿ ವಾದಿಸಿದ. ಮೊದಲು ಹಾಗೇ ನಂಬಿದ್ದೆ ಅಂತ ಆಮೇಲೆ ಹೇಳಿದ. ಆದರೆ ತಪ್ಪು ಗೊತ್ತಾದ ಮೇಲೆ ಒಪ್ಪಿಕೊಳ್ಳಲಿಲ್ಲ. ಕಂಪ್ಯೂಟರಿನ ಫೈಲುಗಳನ್ನು ಅಳಿಸಿದ, ಸುಳ್ಳು ಫೈಲುಗಳನ್ನು ಮಾಡಿಟ್ಟ. ಸುದ್ದಿಸಂಸ್ಥೆಯ ಜೊತೆಗಿನ ಮೊಕದ್ದಮೆ 2011ರಲ್ಲಿ ರಾಜಿಯಾಯಿತು. ಸಾಕ್ಷ್ಯ ಮುಚ್ಚಿಟ್ಟದ್ದಕ್ಕೆ ಮಾತ್ರ 2012ರಲ್ಲಿ ಶಿಕ್ಷೆ ಬಂತು: ಎರಡು ವರ್ಷ ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾ), 300 ಗಂಟೆ ಸಮುದಾಯ ಸೇವೆ, 25,000 ಡಾಲರ್ ದಂಡ.

ಊರೂರಿನ ಗೋಡೆಗಳಲ್ಲಿ ‘ಒಬೇ’ (ಹೇಳಿದಂತೆ ಕೇಳು) ಅಂತ ಅಂಟಿಸಿ, ಕಣ್ಣಿಗೆ ಬಿದ್ದದ್ದನ್ನು ಪ್ರಶ್ನಿಸಿ ಅಂದವನು ಒಂದು ದಿನ ಕಂಪ್ಯೂಟರ್ ಮುಂದೆ ಕೂತು ಫೈಲ್ ಅಳಿಸುತ್ತಾನೆ. ಆ ಬೆರಳು, ಆ ಗುಂಡಿ. ನಿನ್ನ ಇಡೀ ಲೇಖನದಲ್ಲಿ ನನಗೆ ಜಾಸ್ತಿ ಬೇಕಾಗಿದ್ದು ಅದೇ. ಅವನನ್ನು ತುಂಬಾ ಪ್ರೀತಿಸುತ್ತೀಯ, ಅದಕ್ಕೇ ಬಿಟ್ಟೆ ಅಲ್ವಾ? ನನಗೆ ಗೊತ್ತು. ನಾನೂ ಹೀಗೆ ಮಾಡಿದವನೇ.

ಮೂವತ್ತು ವರ್ಷದ ಹಿಂದೆ ನಾನು ದೇವರ ಹಾಗೆ ಕಾಣುತ್ತಿದ್ದ ಕಲಾವಿದರೊಬ್ಬರ ಬಗ್ಗೆ ಬರೆದೆ. ಅವರ ಕೋಣೆಯಲ್ಲಿ ಒಂದು ವಾರ ಕೂತಿದ್ದೆ. ಗೆರೆ ಎಳೆಯುತ್ತಿದ್ದವನು ಮೂಲೆಯ ಸಹಾಯಕ. ಸಹಿ ಮಾತ್ರ ಇವರದು. ಅದನ್ನು ಬರೆಯಲಿಲ್ಲ. ಲೇಖನ ಎಲ್ಲರಿಗೂ ಇಷ್ಟವಾಯಿತು. ತಿಂಗಳ ನಂತರ ಆ ಸಹಾಯಕನಿಂದ ಒಂದು ಕಾರ್ಡ್ ಬಂತು. ಒಂದೇ ಸಾಲು: ‘ನೀವು ನೋಡಿದ್ರಿ ಅಲ್ವಾ?’

ಏನಂತ ಉತ್ತರ ಬರೆಯೋದು? ಇವತ್ತಿನವರೆಗೂ ಬರೆದಿಲ್ಲ. ಈಗ ಆತ ಎಲ್ಲಿದ್ದಾನೋ ತಿಳಿಯದು. ಕಾರ್ಡ್ ಮಾತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಯಾವ ಪತ್ರಿಕೆಗೆ ಕಳಿಸಲಿ ಅಂದಿದ್ದೀಯ. ಈಗಲೇ ಬೇಡ. ಹಸ್ತಪ್ರತಿ ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ‘ಹೋಪ್’ ಪುಟದ ನಂತರ ಒಂದು ಖಾಲಿ ಹಾಳೆ ಸೇರಿಸಿದ್ದೇನೆ. ಬೈಯುವ ಹಾಗೆ ಬರೆಯಬೇಡ. ಅವನ ಮೇಲಿನ ಪ್ರೀತಿಯನ್ನೂ ಬಿಡಬೇಡ. ತುಂಬಿಸಿ, ಮೊದಲು ನನಗೆ ಕಳಿಸು.

ನಿನ್ನ,
ಹಿರಿಯ ಗೆಳೆಯ