ಮನೆ ಮಾತು ಬಿಡಬೇಡ, ಅಕ್ಕ

ಹ್ಯೂಸ್ಟನ್, ಟೆಕ್ಸಾಸ್

ಪ್ರೀತಿಯ ಅಕ್ಕ,

ನಾವಿಲ್ಲಿ ಆರಾಮ ಇದ್ದೇವೆ. ಅಪ್ಪನ ಮೊಣಕಾಲು ನೋವು ಹೇಗಿದೆ? ಬೆಳಗಾವಿಯಲ್ಲಿ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ ಅಂತ ಅವ್ವ ಹೇಳಿದಳು. ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ, ಆದರೂ ಶಾಲೆ ಶುರುವಾಯಿತು.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಕೇಳಿ ರಾತ್ರಿ ನಿದ್ದೆ ಹತ್ತಲಿಲ್ಲ. ಚಿನ್ನುವಿಗೆ ಮೂರು ತುಂಬುತ್ತಾ ಬಂತು, ಮಾತು ಕಡಿಮೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಕೇಳಿ ಅವನಿಗೆ ಗೊಂದಲ ಆಗಿದೆ, ಇನ್ನು ಮನೆಯಲ್ಲೂ ಬರೀ ಇಂಗ್ಲಿಷ್ ಮಾತಾಡಿ ಅಂತ ಅವನ ಟೀಚರ್ ಹೇಳಿದರಲ್ಲ, ನೀನು ಅವತ್ತಿನಿಂದಲೇ ಶುರು ಮಾಡಿದ್ದೀಯ. ಅಕ್ಕ, ದಯವಿಟ್ಟು ಅದನ್ನು ನಿಲ್ಲಿಸು. ಇವತ್ತೇ ನಿಲ್ಲಿಸು.

ಯಾಕೆ ಅಂತ ಹೇಳುತ್ತೇನೆ. ಇಲ್ಲಿನ ಶಾಲೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಹತ್ತಿರ ಒಬ್ಬ ಹುಡುಗ ಬರುತ್ತಿದ್ದ. ನಾಲ್ಕು ವರ್ಷದವನು, ಮನೆಯಲ್ಲಿ ಸ್ಪ್ಯಾನಿಷ್. ಅವನ ತಾಯಿಗೂ ಯಾರೋ ಇದೇ ಸಲಹೆ ಕೊಟ್ಟರು. ನಾನು ಅಲ್ಲೇ ಕೂತಿದ್ದೆ. ಹೊಸಬಳು ಅಂತ ಬಾಯಿ ಬಿಡಲಿಲ್ಲ. ಆ ತಾಯಿಗೆ ಇಂಗ್ಲಿಷ್ ಬರುತ್ತಿದ್ದದ್ದೇ ಅಷ್ಟು: ಬಾ, ತಿನ್ನು, ಬೇಡ, ಮಲಗು. ಮೊದಲು ಅಡುಗೆ ಮಾಡುತ್ತಾ ಊರಿನ ಕಥೆ ಹೇಳುತ್ತಿದ್ದವಳು ಸುಮ್ಮನಾದಳು. ಒಂದು ವರ್ಷ ಕಳೆಯುವುದರೊಳಗೆ ಹುಡುಗನಿಗೆ ಅಜ್ಜಿ ಫೋನ್ ಮಾಡಿದರೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಇಂಗ್ಲಿಷೂ ಮುಂದೆ ಹೋಗಿರಲಿಲ್ಲ. ಮನೆಯಲ್ಲಿ ಅವನು ಕೇಳುತ್ತಿದ್ದದ್ದೇ ನಾಲ್ಕು ಶಬ್ದ, ಹೇಗೆ ಹೋಗಬೇಕು? ಅವತ್ತು ನಾನು ಮಾತಾಡಬೇಕಿತ್ತು. ಅದು ನನಗೆ ಇನ್ನೂ ಚುಚ್ಚುತ್ತದೆ.

ಎರಡು ಮೂರು ಭಾಷೆ ಕೇಳಿದ್ದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಮಾತಿನ ತೊಂದರೆ ಇರುವ ಮಗು ಒಂದೇ ಭಾಷೆ ಕೇಳಿ ಬೆಳೆದಿದ್ದರೂ ಆ ತೊಂದರೆ ಇರುತ್ತಿತ್ತು. ಇಲ್ಲಿನ ಕಾನೂನು ಕೂಡ ಮಗುವನ್ನು ಆದಷ್ಟು ಅದರ ಮನೆ ಮಾತಿನಲ್ಲೇ ಪರೀಕ್ಷೆ ಮಾಡಬೇಕು ಅನ್ನುತ್ತದೆ. ಅದಕ್ಕೆ ನಾನು ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಮೂರು ತುಂಬಿದ ಮೇಲೆ ಮಾತಿನ ತೊಂದರೆ ಇರುವ ಮಕ್ಕಳಿಗೆ ಸರ್ಕಾರಿ ಶಾಲೆಯೇ ಪುಕ್ಕಟೆ ಥೆರಪಿ ಕೊಡುತ್ತದೆ. ವಾರಕ್ಕೆ ಎರಡು ಸಲ, ಅರ್ಧರ್ಧ ತಾಸು, ಇಬ್ಬರು ಮೂವರು ಮಕ್ಕಳು ಒಟ್ಟಿಗೆ. ಒಂದು ಕನ್ನಡಿ, ಚಿತ್ರದ ಕಾರ್ಡು, ಸೋಪಿನ ಗುಳ್ಳೆ, ನಾಲ್ಕು ಆಟಿಕೆ ಕಾರು, ಇಷ್ಟೇ ನನ್ನ ಸಾಮಾನು.

ಹೋದ ವಾರ ಒಂದು ಮಗುವನ್ನು ಉಚ್ಚಾರ ತಪ್ಪು ಅಂತ ನನ್ನ ಹತ್ತಿರ ಕಳಿಸಿದ್ದರು. ಅದು 'ಸ್ಕೂಲ್' ಅನ್ನೋಕೆ 'ಎಸ್ಕೂಲ್' ಅನ್ನುತ್ತಿತ್ತು. ಕೇಳಿದ ಕೂಡಲೇ ನಮ್ಮ ಅಜ್ಜ ನೆನಪಾದ. ಇಸ್ಕೂಲು, ಇಸ್ಟೇಶನ್ನು ಅನ್ನುತ್ತಿದ್ದನಲ್ಲ! ಆ ಮಗುವಿನ ಮನೆ ಮಾತು ಸ್ಪ್ಯಾನಿಷ್, ಅದರಲ್ಲಿ ಶಬ್ದದ ಮೊದಲಿಗೇ 'ಸ್ಕ', 'ಸ್ಟ' ಬರುವುದಿಲ್ಲ. ಅದಕ್ಕೆ ಮುಂದೆ ಒಂದು ಸ್ವರ ಸೇರಿಸಿಕೊಳ್ಳುತ್ತಾರೆ. ಅದು ರೋಗ ಅಲ್ಲ, ಮನೆ ಮಾತಿನ ಗುರುತು. ಥೆರಪಿ ಬೇಡ ಅಂತ ಬರೆದು ಮಗುವನ್ನು ತರಗತಿಗೆ ವಾಪಸ್ ಕಳಿಸಿದೆ.

ಆದರೆ ಚಿನ್ನುವಿನದು ಹಾಗೆ ಬಿಡುವ ವಿಷಯ ಅಲ್ಲ. ಇಷ್ಟು ಹೊತ್ತಿಗೆ ಅವನು 'ಅಜ್ಜಿ ಬಾ', 'ನೀರು ಬೇಕು' ಅಂತ ಎರಡು ಶಬ್ದ ಕೂಡಿಸಬೇಕಿತ್ತು. ಗಂಡು ಹುಡುಗರು ತಡ, ಭಾವನೂ ತಡವಾಗಿ ಮಾತಾಡಿದ್ದರು ಅಂತ ಅತ್ತೆ ಹೇಳುತ್ತಾರೆ, ಸರಿ. ಆದರೂ ಕಾಯಬೇಡ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದೂ ಬೇಡ, ಅವ್ವನಿಗೆ ನಾನೇ ಹೇಳುತ್ತೇನೆ.

ಮೊದಲು ಕಿವಿ ತೋರಿಸು. ಮಳೆಗಾಲದಲ್ಲಿ ಅವನಿಗೆ ನೆಗಡಿ ಬಿಡುವುದೇ ಇಲ್ಲ. ಕೆಲವು ಮಕ್ಕಳಿಗೆ ನೆಗಡಿ ಆದಮೇಲೆ ಕಿವಿಯ ಪರದೆ ಹಿಂದೆ ನೀರು ನಿಲ್ಲುತ್ತದೆ. ನೋವು ಇರಲೇಬೇಕು ಅಂತಿಲ್ಲ. ನೀರೊಳಗೆ ಮುಳುಗಿ ಕೇಳಿದ ಹಾಗೆ ಮಾತು ಮಸುಕಾಗಿ ಕೇಳುತ್ತದೆ. ಕರೆದರೆ ತಿರುಗುತ್ತಾನೆ ಅಂತ ನೀನಂದೆ, ಅದಷ್ಟೇ ಸಾಲದು. ಕಿವಿ ಎಷ್ಟು ಕೇಳುತ್ತದೆ ಅಂತ ನಿದ್ದೆಯಲ್ಲಿದ್ದಾಗ ಮಾಡುವ ಪರೀಕ್ಷೆ ಇದೆ, ಬೆರಾ ಅಂತಾರೆ, ಒಂದಿಷ್ಟೂ ನೋವಾಗುವುದಿಲ್ಲ. ಕಿವಿ ಸರಿ ಇದ್ದರೆ ಅಲ್ಲೇ ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗು. ನಾನು ಓದಿದ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಬೇಕಾದರೆ ಅಲ್ಲಿಗೂ ಹೋಗೋಣ, ಡಿಸೆಂಬರ್ ರಜೆಗೆ ನಾನು ಬಂದಾಗ. ಆದರೆ ಕಿವಿಯ ಪರೀಕ್ಷೆ ಡಿಸೆಂಬರ್‌ವರೆಗೆ ಕಾಯುವುದು ಬೇಡ.

ಮನೆಯಲ್ಲಿ ನೀನು ರೊಟ್ಟಿ ಬಡಿಯುವಾಗ ಅವನನ್ನು ಹತ್ತಿರ ಕೂರಿಸಿಕೊ. ಹಿಟ್ಟು, ನೀರು, ಬಿಸಿ, ಸುಡು, ಎಲ್ಲ ಹೇಳುತ್ತಾ ಹೋಗು, ಕನ್ನಡದಲ್ಲೇ. ಏನಾದರೂ ಕೇಳಿದರೆ ಮನಸ್ಸಿನಲ್ಲಿ ಹತ್ತು ಎಣಿಸು, ಅವನಿಗೆ ಸಮಯ ಕೊಡು. ಅವನು 'ಲೊಟ್ಟಿ' ಅಂದರೆ ತಪ್ಪು, ಸರಿಯಾಗಿ ಹೇಳು ಅನ್ನಬೇಡ. 'ಹೂಂ, ಬಿಸಿ ರೊಟ್ಟಿ' ಅನ್ನು, ಸಾಕು. 'ರ' ಬರಲು ಇನ್ನೂ ಟೈಮ್ ಇದೆ. ಪಕ್ಕದ ಮನೆ ಆಯಿ ಮರಾಠಿಯಲ್ಲಿ ಮುದ್ದು ಮಾಡಿದರೆ ಮಾಡಲಿ, ತಡೆಯಬೇಡ. ಊಟ ಮಾಡಿಸುವಾಗ ಮೊಬೈಲ್ ಮಾತ್ರ ಕೊಡಬೇಡ.

ಇನ್ನೊಂದು ಕೆಲಸ. ಒಂದು ನೋಟ್‌ಬುಕ್ ತಗೊಂಡು ಅವನು ಹೇಳುವ ಎಲ್ಲ ಶಬ್ದ ಬರಿ. ಕನ್ನಡ, ಮರಾಠಿ, ಇಂಗ್ಲಿಷ್ ಎಲ್ಲ ಕೂಡಿಸಿ ಎಣಿಸಬೇಕು. 'ನೀರು' ಒಂದು, ಆಯಿ ಕಲಿಸಿದ 'ದೂಧ' ಒಂದು. ಬರೀ ಇಂಗ್ಲಿಷ್ ಎಣಿಸಿದರೆ ಮಗು ಬಡವ ಅನ್ನಿಸಿಬಿಡುತ್ತದೆ. ರವಿವಾರ ನಾನು ಫೋನ್ ಮಾಡುವಾಗ ಪಟ್ಟಿ ಕೈಯಲ್ಲಿರಲಿ. 'ಲೊಟ್ಟಿ'ಯನ್ನೂ ಬರಿ, ಅದೂ ಒಂದು ಶಬ್ದವೇ.

ಭಾವನಿಗೆ, ಅತ್ತೆಗೆ ನಮಸ್ಕಾರ ಹೇಳು. ಚಿನ್ನುವಿಗೆ ಮುತ್ತು.

ನಿನ್ನ ತಂಗಿ