ಜಯಮಂಗಲಿ ದಂಡೆಗೆ ವಿದ್ಯಾರ್ಥಿಗಳೇ ಮೆಟ್ಟಿಲು ಕಟ್ಟಲಿ

ಮಾನ್ಯರೇ,

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆದರೆ ಅಲ್ಲಿಗೆ ಬಂದವರಲ್ಲಿ ಬಹುತೇಕರು, ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯನ್ನೇ ಕಾಣದೆ ಹಿಂದಿರುಗುತ್ತಾರೆ. ಈಚೆಗೆ ಮೊಮ್ಮಗಳೊಂದಿಗೆ ನದಿಗೆ ಇಳಿಯಲು ಹೋದಾಗ, ಕುಸಿದ ದಂಡೆಯಲ್ಲಿ ಜಾಲಿಯ ಕೊಂಬೆಯನ್ನು ಹಿಡಿದುಕೊಂಡೇ ಜಾರಬೇಕಾಯಿತು. ಅವಳ ಒಂದು ಚಪ್ಪಲಿ ಮರಳಿನಲ್ಲೇ ಉಳಿಯಿತು.

ಇಲ್ಲಿ ನದಿಗೆ ಇಳಿಯಲು ಮೆಟ್ಟಿಲು ಕಟ್ಟುವ ಕೆಲಸವನ್ನು ಟೆಂಡರಿಗೆ ಕಾಯದೆ ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಐಟಿಐ ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ಸಿವಿಲ್ ವಿಭಾಗದವರು ದಂಡೆಯ ಮಟ್ಟ ತೆಗೆದು ನಕ್ಷೆ ಬರೆಯಲಿ, ವೆಲ್ಡಿಂಗ್ ಕಲಿಯುವವರು ಕೈಹಿಡಿಯ ಕಂಬಿ ಕೂಡಿಸಲಿ. ಏಕಶಿಲೆಯ ಬೆಟ್ಟದ ಮಧುಗಿರಿ ಸೀಮೆಯಲ್ಲಿ ಕಲ್ಲಿಗಂತೂ ಬರವಿಲ್ಲ. ಗಾರೆಯಿಲ್ಲದೆ ಕೂರಿಸಿದ ಚಪ್ಪಡಿಗಳ ಸಂದಿನಲ್ಲಿ ಮಳೆನೀರು ಇಳಿದುಹೋಗುತ್ತದೆ, ಒಂದು ಕದಲಿದರೆ ಅದನ್ನಷ್ಟೇ ಮತ್ತೆ ಕೂರಿಸಬಹುದು. ಕಾಂಕ್ರೀಟ್ ಮೆಟ್ಟಿಲಿನ ಬುಡವನ್ನು ಹೊಳೆ ಕೊರೆದರೆ ಇಡೀ ಸಾಲೇ ಬಿರುಕು ಬಿಡುತ್ತದೆ. ಗಾಲಿಕುರ್ಚಿಯವರಿಗೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು.

ಕೃಷ್ಣಮೃಗಕ್ಕೆ ಬೇಕಾದುದು ಓಡಲು ತೆರೆದ ಬಯಲು. ಆದ್ದರಿಂದ ಮೆಟ್ಟಿಲಿಗೆ ಹೋಗುವ ದಾರಿಯು ಹುಲ್ಲುಗಾವಲನ್ನು ಸೀಳದೆ ಅಂಚಿನಲ್ಲೇ ಸಾಗಬೇಕು, ದೀಪದ ಕಂಬಗಳೂ ತಿಂಡಿ ಅಂಗಡಿಗಳೂ ಅಲ್ಲಿಗೆ ಬರಬಾರದು. ಇಂಥ ಮೀಸಲು ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸ್ಥಾನ ಕೊಟ್ಟಿರುವುದರಿಂದ, ಅರಣ್ಯ ಇಲಾಖೆಯು ಮೊದಲು ಆ ಸಮಿತಿಯ ಮುಂದೆ ವಿಷಯವನ್ನಿಟ್ಟು, ಹೊಳೆ ಬತ್ತಿರುವ ಬೇಸಿಗೆಯಲ್ಲೇ ಕೆಲಸ ಆರಂಭಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಮಧುಗಿರಿ